ನಂಬಿಕೆ ಮೊದಲು, ಕಾನೂನು ಆಮೇಲೆ

ಪ್ರೀತಿಯ ಸುಮಾ ಅವರಿಗೆ,

ನಿಮ್ಮ ಪತ್ರ ತಲುಪಿತು. ದಾವಣಗೆರೆಯಲ್ಲಿ ಪುಟ್ಟ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು ಆಪ್ತಸಮಾಲೋಚನೆ ಶುರುಮಾಡಿದ್ದೀರಿ ಎಂದು ಓದಿ ಬಹಳ ಸಂತೋಷವಾಯಿತು. ನೀವು ತೋಡಿಕೊಂಡ ಸಂಕಟವೂ ಮನಸ್ಸಿಗೆ ತಟ್ಟಿತು. ಬಂದವರು "ಮಾತ್ರೆ ಕೊಡ್ತೀರಾ ಮೇಡಂ?" ಎಂದು ಕೇಳುತ್ತಾರೆ. ಇಲ್ಲ ಎಂದರೆ "ಬರೀ ಮಾತಿಗೆ ಫೀಸಾ?" ಎನ್ನುತ್ತಾರೆ. ವಾರದ ಶಿಬಿರ ಮುಗಿಸಿ ಸರ್ಟಿಫಿಕೇಟ್‌ಗೆ ಕಟ್ಟು ಹಾಕಿಸಿಕೊಂಡವರೂ ಪಕ್ಕದ ಬೀದಿಯಲ್ಲಿ ನಿಮ್ಮದೇ ಥರದ ಬೋರ್ಡು ಹಾಕಿದ್ದಾರೆ. "ನಮ್ಮ ಕೆಲಸ ಒಂದು ವೃತ್ತಿ ಅಂತ ಅನ್ನಿಸಿಕೊಳ್ಳೋದು ಯಾವಾಗ? ಸರ್ಕಾರ ಒಂದು ಕಾನೂನು ತಂದರೆ ಎಲ್ಲ ಸರಿಹೋಗುತ್ತಲ್ಲವೇ?" ಎಂದು ಕೇಳಿದ್ದೀರಿ.

ಇದಕ್ಕೆ ನೇರ ಉತ್ತರ ಕೊಡುವ ಬದಲು ನಿಮಗೆ ಒಂದು ದೇಶದ ಕಥೆ ಹೇಳುತ್ತೇನೆ. ಅದು ಉಕ್ರೇನ್. ಸೋವಿಯತ್ ಒಕ್ಕೂಟ ಒಡೆದು 1991ರಲ್ಲಿ ಸ್ವತಂತ್ರವಾದ ಆ ದೇಶದಲ್ಲಿ ಮನಶ್ಚಿಕಿತ್ಸೆಯನ್ನು ಒಂದು ವೃತ್ತಿಯಾಗಿ ಕಟ್ಟಲು ಹೊರಟವರ ಎದುರಿಗೆ ನಮ್ಮಲ್ಲಿಲ್ಲದ ಒಂದು ಕಷ್ಟವಿತ್ತು. ನಮ್ಮ ಜನಕ್ಕೆ ಮನಸ್ಸಿನ ಚಿಕಿತ್ಸೆಯ ಬಗ್ಗೆ ಸಂಕೋಚವಿದೆ, ತಿಳಿವಳಿಕೆಯ ಕೊರತೆ ಇದೆ. ಅಲ್ಲಿನ ಜನಕ್ಕಿದ್ದದ್ದು ಭಯ. ಆ ಭಯಕ್ಕೆ ಕಾರಣವೂ ಇತ್ತು. ಅದನ್ನು ದಾಟಿ ಅವರು ಎಲ್ಲಿಗೆ ಬಂದು ನಿಂತಿದ್ದಾರೆ ಎಂದು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಮನಸ್ಸಿನ ಚಿಕಿತ್ಸೆ ಆ ನೆಲಕ್ಕೆ ಹೊರಗಿನಿಂದ ಬಂದ ಸರಕು ಅನ್ನುವಂತಿಲ್ಲ. ಸಿಗ್ಮಂಡ್ ಫ್ರಾಯ್ಡ್‌ನ ತಾಯಿ ಹುಟ್ಟಿದ ಬ್ರೋದಿ, ತಂದೆ ಹುಟ್ಟಿದ ತಿಸ್ಮೆನಿತ್ಸಿಯಾ ಎರಡೂ ಇವತ್ತಿನ ಪಶ್ಚಿಮ ಉಕ್ರೇನ್‌ನ ಊರುಗಳು. ಫ್ರಾಯ್ಡ್‌ನ ರೋಗಿಗಳಲ್ಲಿ ಅತ್ಯಂತ ಹೆಸರಾದವನು, ಮನೋವಿಶ್ಲೇಷಣೆಯ ಪುಸ್ತಕಗಳಲ್ಲಿ 'ತೋಳ ಮನುಷ್ಯ' ಎಂದೇ ಕರೆಸಿಕೊಳ್ಳುವ ಸೆರ್ಗೇಯ್ ಪಂಕೇಯೆವ್, ದಕ್ಷಿಣ ಉಕ್ರೇನ್‌ನ ಜಮೀನ್ದಾರಿ ಮನೆತನದವನು. 1910ರಲ್ಲಿ ಅವನನ್ನು ವಿಯೆನ್ನಾಕ್ಕೆ ಕರೆದುಕೊಂಡು ಹೋದದ್ದು ಒಡೆಸಾದ ವೈದ್ಯ ಲಿಯೊನಿದ್ ದ್ರೋಸ್ನೆಸ್. ಅದೇ ಒಡೆಸಾದಲ್ಲಿ ಹುಟ್ಟಿದ ಮೊಯಿಸೈ ವುಲ್ಫ್ ಬರ್ಲಿನ್‌ನಲ್ಲಿ ಕಲಿತು ಬಂದು, ಫ್ರಾಯ್ಡ್‌ನ ಬರಹಗಳನ್ನು ರಷ್ಯನ್‌ಗೆ ಅನುವಾದಿಸಿ, ರೋಗಿಗಳನ್ನೂ ನೋಡುತ್ತಿದ್ದ. ನೂರು ವರ್ಷದ ಹಿಂದೆ ಆ ಬಂದರು ಪಟ್ಟಣದಲ್ಲಿ ನಡೆಯುತ್ತಿದ್ದ ಮಾತು ವಿಯೆನ್ನಾದಲ್ಲಿ ನಡೆಯುತ್ತಿದ್ದ ಮಾತಿಗಿಂತ ಹೆಚ್ಚು ಹಿಂದೆ ಬಿದ್ದಿರಲಿಲ್ಲ.

ಪೂರ್ವದ ಖಾರ್ಕಿವ್‌ನಲ್ಲಿ ಇನ್ನೊಂದು ಪರಂಪರೆ ಬೆಳೆಯಿತು. ಖಾರ್ಕಿವ್ ಅಂದರೆ ನಮಗೆಲ್ಲ ನೆನಪಾಗುವುದು 2022ರ ಮಾರ್ಚ್ 1. ದಿನಸಿ ತರಲೆಂದು ಹೊರಗೆ ಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ರಷ್ಯಾದ ಶೆಲ್ ದಾಳಿಗೆ ಬಲಿಯಾದ ದಿನ ಅದು. ಆ ಹುಡುಗ ವೈದ್ಯನಾಗಲೆಂದು ಹೋಗಿದ್ದ ಊರಿಗೆ ವೈದ್ಯವಿದ್ಯೆಯ ಹಳೆಯ ಹೆಸರಿದೆ. ಕಾನ್‌ಸ್ಟಂಟಿನ್ ಪ್ಲಟೋನೊವ್ ಎಂಬ ವೈದ್ಯರು ಅಲ್ಲಿ ಸಂಮೋಹನದ ಮೇಲೆ ದಶಕಗಳ ಕಾಲ ಕೆಲಸ ಮಾಡಿ, ಮಾತಿಗೆ ದೇಹವನ್ನೂ ಗುಣಪಡಿಸುವ ಶಕ್ತಿ ಇದೆ ಎಂದು 1930ರಲ್ಲಿ ಪುಸ್ತಕ ಬರೆದರು. ಅವರ ಹಾದಿಯಲ್ಲೇ ಬಂದ ಇಲ್ಯಾ ವೆಲ್ವೊವ್ಸ್ಕಿ, ಹೆರಿಗೆ ನೋವಿನ ಭಯವನ್ನು ತಿಳಿವಳಿಕೆಯಿಂದಲೂ ಉಸಿರಿನ ಅಭ್ಯಾಸದಿಂದಲೂ ಕಡಿಮೆ ಮಾಡುವ ವಿಧಾನವನ್ನು ರೂಪಿಸಿದರು. 1951ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿದ್ದ ಫ್ರಾನ್ಸಿನ ವೈದ್ಯ ಫರ್ನಾಂ ಲಮಾಜ್ ಅದನ್ನು ಕಣ್ಣಾರೆ ಕಂಡು ಪ್ಯಾರಿಸ್‌ಗೆ ಒಯ್ದರು. ಇವತ್ತು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಬಸುರಿಯರಿಗೆ 'ಲಮಾಜ್ ಕ್ಲಾಸ್' ಎಂದು ನಡೆಸುತ್ತಾರಲ್ಲ, ಅದರ ಬೇರು ಖಾರ್ಕಿವ್‌ನಲ್ಲಿದೆ. ಸೋವಿಯತ್ ಒಕ್ಕೂಟದ ಮೊಟ್ಟಮೊದಲ ಮನಶ್ಚಿಕಿತ್ಸಾ ಪೀಠ ಶುರುವಾದದ್ದೂ ಅಲ್ಲೇ, 1962ರಲ್ಲಿ, ವೆಲ್ವೊವ್ಸ್ಕಿಯವರ ನೇತೃತ್ವದಲ್ಲಿ.

ಇಷ್ಟೆಲ್ಲ ಇದ್ದೂ ಅದು ಸ್ವತಂತ್ರ ವೃತ್ತಿಯಾಗಿ ಬೆಳೆಯಲಿಲ್ಲ, ಯಾಕೆ? ಮನುಷ್ಯನ ಒಳಗಿನ ಮಾತನ್ನು ಆಲಿಸುವ ವಿದ್ಯೆಗೆ ಆ ಆಳ್ವಿಕೆಯಲ್ಲಿ ಜಾಗವಿರಲಿಲ್ಲ. 1930ರ ಹೊತ್ತಿಗೆ ಮನೋವಿಶ್ಲೇಷಣೆಯ ಸಂಘ, ಪ್ರಕಟಣೆ ಎಲ್ಲ ನಿಂತುಹೋದವು. ವುಲ್ಫ್ ಅಷ್ಟರಲ್ಲಿ ದೇಶ ಬಿಟ್ಟಿದ್ದರು. 1950ರಲ್ಲಿ ಮಾಸ್ಕೋದಲ್ಲಿ ವಿಜ್ಞಾನ ಅಕಾಡೆಮಿಗಳು ಕೂಡಿ, ಪಾವ್ಲೊವ್‌ನ ಶರೀರಶಾಸ್ತ್ರದ ಚೌಕಟ್ಟಿನಲ್ಲೇ ಎಲ್ಲವನ್ನೂ ವಿವರಿಸಬೇಕೆಂಬ ಪಟ್ಟು ಹಿಡಿದವು. ಅಲ್ಲಿಂದ ಮುಂದೆ ಮನಶ್ಚಿಕಿತ್ಸೆ ಅಂದರೆ ಬಹುಮಟ್ಟಿಗೆ ಸಂಮೋಹನ, ಸೂಚನೆ, ವಿಶ್ರಾಂತಿಯ ಅಭ್ಯಾಸ. ವೈದ್ಯ ಹೇಳುತ್ತಾನೆ, ರೋಗಿ ಕೇಳಿಸಿಕೊಳ್ಳುತ್ತಾನೆ. ಲೆನಿನ್‌ಗ್ರಾದ್‌ನಲ್ಲಿ ವ್ಲದಿಮಿರ್ ಮ್ಯಾಸಿಶ್ಚೆವ್ ಅಂಥವರು ರೋಗಿಯ ಬದುಕಿನ ಸಂಬಂಧಗಳನ್ನು ಹಿಡಿದು ಮಾತಾಡುವ ದಾರಿಯನ್ನು ಜತನದಿಂದ ಉಳಿಸಿಕೊಂಡರು, ಅದು ದೊಡ್ಡ ಸಂಗತಿ. ಆದರೆ ಅದೂ ಆಸ್ಪತ್ರೆಯೊಳಗೆ, ವೈದ್ಯರ ಕೈಯಲ್ಲೇ ಇತ್ತು. ಮನಶ್ಶಾಸ್ತ್ರ ಓದಿದ ನಿಮ್ಮಂಥವರಿಗೆ ಚಿಕಿತ್ಸಕರ ಕುರ್ಚಿ ಇರಲಿಲ್ಲ.

ಇದಕ್ಕಿಂತ ಆಳವಾದ ಗಾಯವನ್ನು ಮಾಡಿದ್ದು ಮನೋವೈದ್ಯಕೀಯವನ್ನು ಪೊಲೀಸ್ ಕೆಲಸಕ್ಕೆ ಬಳಸಿಕೊಂಡದ್ದು. ಪೆಟ್ರೊ ಗ್ರಿಗೊರೆಂಕೊ ಉಕ್ರೇನ್‌ನ ಹಳ್ಳಿಯಲ್ಲಿ ಹುಟ್ಟಿ ಸೋವಿಯತ್ ಸೇನೆಯಲ್ಲಿ ಮೇಜರ್ ಜನರಲ್ ಹುದ್ದೆಗೇರಿದವರು. ಸ್ಟಾಲಿನ್ ಕಾಲದಲ್ಲಿ ಕ್ರಿಮಿಯಾದಿಂದ ಗಡೀಪಾರಾದ ತಾತಾರರ ಪರವಾಗಿ ದನಿ ಎತ್ತಿದ್ದಕ್ಕೆ 1969ರಲ್ಲಿ ಅವರನ್ನು ತಾಷ್ಕೆಂಟ್‌ನಲ್ಲಿ ಬಂಧಿಸಿದರು. ಅಲ್ಲಿನ ವೈದ್ಯರ ಮಂಡಳಿ ಪರೀಕ್ಷಿಸಿ "ಇವರ ಮನಸ್ಸು ನೆಟ್ಟಗಿದೆ" ಎಂದಿತು. ಆ ಉತ್ತರ ಬೇಕಾಗಿರಲಿಲ್ಲ. ಮಾಸ್ಕೋದ ಸೆರ್ಬ್‌ಸ್ಕಿ ಸಂಸ್ಥೆಗೆ ಕರೆದೊಯ್ದು ಬೇರೆ ವರದಿ ಬರೆಸಿದರು. ಸಮಾಜವನ್ನು ತಿದ್ದಬೇಕೆಂಬ ಆಸೆಯೇ ಕಾಯಿಲೆಯ ಲಕ್ಷಣವಾಯಿತು. ಐದು ವರ್ಷ ಅವರು ಬಂಧನದಲ್ಲೂ ವಿಶೇಷ ಮನೋರೋಗ ಆಸ್ಪತ್ರೆಯಲ್ಲೂ ಕಳೆದರು.

ಈ ಕಥೆಯಲ್ಲಿ ನಾನು ನಿಮಗೆ ಮುಖ್ಯವಾಗಿ ಪರಿಚಯಿಸಬೇಕಾದದ್ದು ಇನ್ನೊಬ್ಬರನ್ನು. ಕೀವ್‌ನ ಸೆಮ್ಯೋನ್ ಗ್ಲುಜ್ಮನ್. ಆಗಷ್ಟೇ ವೈದ್ಯಕೀಯ ಮುಗಿಸಿ ಮನೋವೈದ್ಯ ವೃತ್ತಿಗೆ ಕಾಲಿಟ್ಟಿದ್ದ, ಇಪ್ಪತ್ತೈದರ ಆಸುಪಾಸಿನ ಯುವಕ. ಗ್ರಿಗೊರೆಂಕೊ ಅವರನ್ನು ಮುಖತಃ ನೋಡುವ ಅವಕಾಶ ಅವನಿಗಿರಲಿಲ್ಲ. ಅವರ ಬರಹಗಳನ್ನು ಓದಿ, ಕೈಗೆ ಸಿಕ್ಕ ದಾಖಲೆಗಳನ್ನು ಪರಿಶೀಲಿಸಿ, ಕ್ರಮಬದ್ಧವಾದ ಒಂದು ಮನೋವೈದ್ಯಕೀಯ ವರದಿಯನ್ನು ಅವರ ಗೈರುಹಾಜರಿಯಲ್ಲೇ 1971ರಲ್ಲಿ ಸಿದ್ಧಪಡಿಸಿದ. ಗ್ರಿಗೊರೆಂಕೊಗೆ ಮಾನಸಿಕ ಕಾಯಿಲೆ ಇಲ್ಲ ಎಂಬುದು ಅದರ ತೀರ್ಮಾನ. ಅದಕ್ಕೆ ಸಿಕ್ಕ ಶಿಕ್ಷೆ 7 ವರ್ಷ ಕೈದಿಗಳ ಶಿಬಿರದ ವಾಸ, 3 ವರ್ಷದ ಗಡೀಪಾರು. ಮುಂದೆ ಗ್ರಿಗೊರೆಂಕೊ ಅಮೆರಿಕಕ್ಕೆ ಹೋದಾಗ ತಾವಾಗಿಯೇ ಪರೀಕ್ಷೆಗೆ ಒಪ್ಪಿಸಿಕೊಂಡರು. ಅಲ್ಲಿನ ಮನೋವೈದ್ಯರೂ ಕಾಯಿಲೆಯ ಗುರುತು ಕಾಣಲಿಲ್ಲವೆಂದರು. ಆ ಯುವಕನ ರೋಗನಿರ್ಣಯ ಸರಿಯಾಗಿತ್ತು.

ಅಷ್ಟಕ್ಕೇ ಗ್ಲುಜ್ಮನ್ ಸುಮ್ಮನಾಗಲಿಲ್ಲ. ಪೆರ್ಮ್‌ನ ಶಿಬಿರದಲ್ಲಿ ಇನ್ನೊಬ್ಬ ಕೈದಿ ವ್ಲದಿಮಿರ್ ಬುಕೋವ್‌ಸ್ಕಿಯ ಜೊತೆ ಸೇರಿ, ಭಿನ್ನಮತೀಯರಿಗೆಂದೇ ಮನೋವೈದ್ಯಕೀಯದ ಒಂದು ಕೈಪಿಡಿ ಬರೆದರು. ಸುಳ್ಳು ಕಾಯಿಲೆಯ ಹಣೆಪಟ್ಟಿ ಬೀಳದಂತೆ ವೈದ್ಯರ ಪ್ರಶ್ನೆಗಳಿಗೆ ಹೇಗೆ ಉತ್ತರಿಸಬೇಕು ಎಂದು ಹೇಳಿಕೊಡುವ ಕೈಪಿಡಿ! ಯೋಚಿಸಿ ನೋಡಿ ಸುಮಾ. ಮನಸ್ಸು ಬಿಚ್ಚಿ ಮಾತಾಡಬೇಕಾದ ಜಾಗದಲ್ಲಿ ಬಾಯಿ ಬಿಗಿಹಿಡಿಯುವುದನ್ನು ಜನ ಕಲಿಯಬೇಕಾಗಿತ್ತು. ಕೀವ್‌ನ ಗಣಿತಜ್ಞ ಲಿಯೊನಿದ್ ಪ್ಲ್ಯೂಶ್ ಅವರನ್ನು ಇಂದಿನ ದ್ನಿಪ್ರೊ ನಗರದ ವಿಶೇಷ ಆಸ್ಪತ್ರೆಯಲ್ಲಿಟ್ಟು, ರೋಗವಿಲ್ಲದ ದೇಹಕ್ಕೆ ಹ್ಯಾಲೊಪೆರಿಡಾಲ್ ತುಂಬಿದರು. ಫ್ರಾನ್ಸಿನ ಗಣಿತಜ್ಞರು ಗಟ್ಟಿಯಾಗಿ ಕೂಗೆಬ್ಬಿಸಿದ ಮೇಲೆ 1976ರ ಜನವರಿಯಲ್ಲಿ ಅವರನ್ನು ಹೊರಗೆ ಬಿಟ್ಟದ್ದು.

ಇವು ಹೆಸರಾಂತರ ಕಥೆ. ಸಾಮಾನ್ಯ ಜನರ ಪಾಡು ಬೇರೆ ಥರ. ಊರಿನ ಮನೋರೋಗ ಡಿಸ್ಪೆನ್ಸರಿಯ ರಿಜಿಸ್ಟರಿನಲ್ಲಿ ಹೆಸರು ಸೇರಿತೆಂದರೆ ಡ್ರೈವಿಂಗ್ ಲೈಸೆನ್ಸಿಗೆ ಕುತ್ತು, ಎಷ್ಟೋ ಕೆಲಸಗಳಿಗೆ ಕುತ್ತು. ನಿದ್ದೆ ಬರುತ್ತಿಲ್ಲ ಎಂದು ಹೇಳಿಕೊಳ್ಳುವುದಕ್ಕೂ ಜನ ಹೆದರಿದರು. 1932–33ರ ಬರಗಾಲದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರೂ ಅದರ ಹೆಸರೆತ್ತುವಂತಿರಲಿಲ್ಲ. ಅಜ್ಜಿಯರು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮೊಮ್ಮಕ್ಕಳನ್ನು ಸಾಕಿದರು. 1986ರಲ್ಲಿ ಚೆರ್ನೊಬಿಲ್ ಸ್ಥಾವರ ಸ್ಫೋಟಿಸಿದ ಮೇಲೆ ತಲೆಸುತ್ತು, ದಣಿವು, ಮಕ್ಕಳ ಬಗ್ಗೆ ಆತಂಕ ಎಂದು ಬಂದವರಿಗೆ ನಿಮಗಿರುವುದು ಬರೀ ವಿಕಿರಣದ ಭಯ ಎಂದು ಹೇಳಿ ಕಳಿಸಿದ್ದೂ ಉಂಟು. ಬಾಯಿ ಬಿಟ್ಟರೆ ಅಪಾಯ ಎಂಬ ಪಾಠವನ್ನು ಮೂರು ತಲೆಮಾರು ಮನೆಯಲ್ಲೇ ಕಲಿತಿತ್ತು. ಮನಶ್ಚಿಕಿತ್ಸೆಗೆ ಬೇಕಾದ ಮೊದಲ ಬಂಡವಾಳ ಮಾತು. ಆ ಬಂಡವಾಳವೇ ಬತ್ತಿಹೋಗಿದ್ದ ನೆಲದಲ್ಲಿ ಹೊಸ ವೃತ್ತಿ ಕಟ್ಟಬೇಕಾಗಿತ್ತು.

ಭಯ ಸಡಿಲವಾದ ಕೂಡಲೇ ನುಗ್ಗಿ ಬಂದದ್ದು ಪವಾಡ. 1989ರಲ್ಲಿ ಸೋವಿಯತ್ ಕೇಂದ್ರ ಟೀವಿಯಲ್ಲಿ ಅನತೋಲಿ ಕಶ್ಪಿರೋವ್‌ಸ್ಕಿ ಎಂಬವರು ಕಾಣಿಸಿಕೊಂಡರು. ಉಕ್ರೇನ್‌ನ ವಿನ್ನಿತ್ಸಿಯಾದ ಮನೋರೋಗ ಆಸ್ಪತ್ರೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಮನಶ್ಚಿಕಿತ್ಸಕರಾಗಿದ್ದ ವೈದ್ಯ. ಅದಕ್ಕೂ ಮೊದಲೇ ಮಾಸ್ಕೋದ ಸ್ಟುಡಿಯೋದಲ್ಲಿ ಕುಳಿತು, ಕೀವ್‌ನ ಆಪರೇಷನ್ ಥಿಯೇಟರಿನಲ್ಲಿ ಮಲಗಿದ್ದ ಹೆಂಗಸಿಗೆ ಪರದೆಯ ಮೂಲಕವೇ ನೋವು ಗೊತ್ತಾಗದಂತೆ ಮಾಡುತ್ತೇನೆಂದು ಪ್ರದರ್ಶನ ಕೊಟ್ಟಿದ್ದರು. ಈಗ ಅವರು ಕ್ಯಾಮೆರಾದತ್ತ ದಿಟ್ಟಿಸಿ ನಿಧಾನವಾಗಿ ಮಾತಾಡುತ್ತಿದ್ದರೆ, ಕೋಟ್ಯಂತರ ಜನ ಮನೆಯಲ್ಲಿ ಕೂತು ಗಾಯದ ಕಲೆ ಮಾಯವಾಗಲಿ, ನರೆಗೂದಲು ಕಪ್ಪಾಗಲಿ ಎಂದು ಕಾದರು. ಅಂಗಡಿಯ ಕಪಾಟುಗಳು ಖಾಲಿಯಾಗುತ್ತಿದ್ದ, ನಾಳೆ ಏನೆಂದು ತಿಳಿಯದ ಆ ದಿನಗಳಲ್ಲಿ ಜನ ಅದನ್ನು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಅವರನ್ನು ನಾನು ಹಳಿಯಲಾರೆ. ಆದರೆ ವೃತ್ತಿಗೆ ಅದರಿಂದ ಆದ ಹಾನಿ ಸಣ್ಣದಲ್ಲ. 'ಮನಶ್ಚಿಕಿತ್ಸಕ' ಅಂದಾಗ ಒಂದು ಕಡೆ ಬೀಗ ಹಾಕಿದ ವಾರ್ಡು, ಇನ್ನೊಂದು ಕಡೆ ಕಣ್ಣೋಟದಿಂದ ರೋಗ ಓಡಿಸುವ ಮಾಂತ್ರಿಕ. ಇವೆರಡರ ನಡುವೆ, ವಾರಕ್ಕೊಂದು ಗಂಟೆ ಎದುರು ಕೂತು ಕೇಳಿಸಿಕೊಳ್ಳುವ ಸಾಧಾರಣ ಮನುಷ್ಯನಿಗೆ ಜನರ ಕಲ್ಪನೆಯಲ್ಲಿ ಜಾಗವೇ ಇರಲಿಲ್ಲ.

ಆ ಜಾಗವನ್ನು ಮಾಡಿಕೊಂಡ ಬಗೆಯೇ ಈ ಪತ್ರದ ತಿರುಳು. 1989ರಲ್ಲಿ ಅಥೆನ್ಸ್‌ನಲ್ಲಿ ವಿಶ್ವ ಮನೋವೈದ್ಯಕೀಯ ಸಂಘ ಸೇರಿದಾಗ, ಆರು ವರ್ಷದ ಹಿಂದೆ ಅದರಿಂದ ಹೊರನಡೆದಿದ್ದ ಸೋವಿಯತ್ ಪ್ರತಿನಿಧಿಗಳು ರಾಜಕೀಯ ಕಾರಣಕ್ಕೆ ಮನೋವೈದ್ಯಕೀಯದ ದುರ್ಬಳಕೆ ಆಗಿದೆ ಎಂದು ಒಪ್ಪಿಕೊಳ್ಳಬೇಕಾಯಿತು. ಷರತ್ತಿನ ಮೇಲೆ ಸದಸ್ಯತ್ವ ಮತ್ತೆ ಸಿಕ್ಕಿತು. 1991ರಲ್ಲಿ ಗ್ಲುಜ್ಮನ್ ಕೀವ್‌ನಲ್ಲಿ ಉಕ್ರೇನ್ ಮನೋವೈದ್ಯರ ಸಂಘ ಕಟ್ಟಿದರು. ನಿಜವಾದ ವರದಿ ಬರೆದು ಜೈಲಿಗೆ ಹೋಗಿ ಬಂದವರೇ ಹೊಸ ಸಂಘದ ಮುಂಚೂಣಿಯಲ್ಲಿದ್ದದ್ದು ಅಲ್ಲಿನ ವೃತ್ತಿಗೆ ಒದಗಿದ ಭಾಗ್ಯ ಎಂದೇ ನಾನು ಭಾವಿಸುತ್ತೇನೆ. ಸಾವಿರ ಸರ್ಟಿಫಿಕೇಟು ಕೊಡಲಾರದ ಭರವಸೆಯನ್ನು ಅಂಥ ಒಬ್ಬ ಮನುಷ್ಯ ಕೊಡುತ್ತಾನೆ. 2000ದಲ್ಲಿ ಮನೋವೈದ್ಯಕೀಯ ನೆರವಿನ ಕಾನೂನು ಬಂತು. ರೋಗಿಯ ಒಪ್ಪಿಗೆಗೂ ಗುಟ್ಟಿಗೂ ಕಾನೂನಿನ ಬೆಲೆ ಬಂತು.

ಕಾನೂನಿನ ಹೊರಗೆ, ಸದ್ದಿಲ್ಲದೆ, ಇನ್ನೊಂದು ಕೆಲಸ ನಡೆಯುತ್ತಿತ್ತು. ಬರ್ಲಿನ್ ಗೋಡೆ ಬಿದ್ದ ಮೇಲೆ ಜರ್ಮನಿ, ಆಸ್ಟ್ರಿಯಾ, ಪೋಲೆಂಡ್ ಮೊದಲಾದ ಕಡೆಯಿಂದ ಅನುಭವಿ ಚಿಕಿತ್ಸಕರು ಬಂದು ಪಾಠ ಮಾಡತೊಡಗಿದರು. ಗೆಸ್ಟಾಲ್ಟ್, ಸೈಕೋಡ್ರಾಮಾ, ಕುಟುಂಬ ಚಿಕಿತ್ಸೆ, ಮನೋವಿಶ್ಲೇಷಣೆ ಎಲ್ಲ ಒಟ್ಟಿಗೇ ಬಂದವು. ಗುರುಗಳ ಪಕ್ಕದಲ್ಲಿ ದುಭಾಷಿ ಕೂತು ಒಂದೊಂದು ವಾಕ್ಯವನ್ನೂ ದಾಟಿಸುತ್ತಿದ್ದರು. ಸಂಬಳ ತಿಂಗಳುಗಟ್ಟಲೆ ತಡವಾಗುತ್ತಿದ್ದ ಆ ವರ್ಷಗಳಲ್ಲಿ ವೈದ್ಯರು, ಉಪಾಧ್ಯಾಯರು, ಎಂಜಿನಿಯರಿಂಗ್ ಬಿಟ್ಟು ಮನಶ್ಶಾಸ್ತ್ರಕ್ಕೆ ಬಂದವರು ರಾತ್ರಿ ರೈಲಿನಲ್ಲಿ ಬಂದು ಆ ತರಗತಿಗಳಲ್ಲಿ ಕೂರುತ್ತಿದ್ದರು. ಮನೋವಿಶ್ಲೇಷಕರಾಗಬೇಕೆಂದವರ ಕಷ್ಟ ಇನ್ನೂ ಹೆಚ್ಚು. ಅವರು ತಾವೇ ಮೊದಲು ವಿಶ್ಲೇಷಣೆಗೆ ಒಳಗಾಗಬೇಕು, ಆದರೆ ದೇಶದಲ್ಲಿ ಅದನ್ನು ಮಾಡಬಲ್ಲವರಿಲ್ಲ. ಹಾಗಾಗಿ ವರ್ಷಕ್ಕೆ ಕೆಲವು ಸಲ ಹೊರದೇಶಕ್ಕೆ ಹೋಗಿ, ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಸೋಫಾದ ಮೇಲೆ ಮಲಗಿ ಮಾತಾಡಿ, ಮತ್ತೆ ಊರಿಗೆ ಮರಳಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಪೂರ್ವ ಯುರೋಪಿನ ಮೊದಲ ತಲೆಮಾರಿನ ವಿಶ್ಲೇಷಕರಲ್ಲಿ ಹಲವರು ಹೀಗೆ ತಯಾರಾದವರು. ಪಶ್ಚಿಮದ ಲ್ವಿವ್ ನಗರ ಇಂಥ ತರಬೇತಿಯ ದೊಡ್ಡ ನೆಲೆಯಾಯಿತು. ಅಲ್ಲಿನ ಮನೋವೈದ್ಯ ಒಲೆಕ್ಸಾಂದ್ರ್ ಫಿಲ್ಟ್ಸ್ ಮತ್ತು ಅವರ ಜೊತೆಗಾರರು ಬೇರೆ ಬೇರೆ ಪಂಥದವರನ್ನು ಒಂದೇ ಒಕ್ಕೂಟದಡಿ ತಂದು, ಯುರೋಪಿನ ಮನಶ್ಚಿಕಿತ್ಸಕರ ಸಂಘದ ಜೊತೆ ಬೆಸೆದರು.

ಆ ಯುರೋಪಿನ ಅಳತೆಗೋಲು ಏನೆಂದು ನಿಮಗೆ ತಿಳಿದಿರಲಿ. ಮನಶ್ಚಿಕಿತ್ಸೆ ತಾನೇ ಒಂದು ಸ್ವತಂತ್ರ ವಿದ್ಯೆ ಎಂದು 1990ರ ಸ್ಟ್ರಾಸ್‌ಬರ್ಗ್ ಘೋಷಣೆ ಸಾರಿತು. ಆ ಸಂಘದ ಪ್ರಮಾಣಪತ್ರ ಬೇಕೆಂದರೆ ಒಟ್ಟು 3,200 ಗಂಟೆಯ ಕಲಿಕೆ, ಕಡಿಮೆಯೆಂದರೂ 7 ವರ್ಷದಲ್ಲಿ ಹರಡಿರಬೇಕು. ಅದರಲ್ಲಿ 4 ವರ್ಷ ಒಂದು ನಿರ್ದಿಷ್ಟ ಪದ್ಧತಿಯ ತರಬೇತಿ. ಅದರೊಳಗೆ 250 ಗಂಟೆ ಕಲಿಯುವವರೇ ಚಿಕಿತ್ಸೆ ಪಡೆಯುವವರ ಕುರ್ಚಿಯಲ್ಲಿ ಕೂತಿರಬೇಕು. 150 ಗಂಟೆ ತಾವು ಮಾಡಿದ ಕೆಲಸವನ್ನು ಹಿರಿಯರ ಮುಂದೆ ಬಿಚ್ಚಿಟ್ಟಿರಬೇಕು.

ಈ ಕೊನೆಯ 150 ಗಂಟೆಯಲ್ಲಿ ವೃತ್ತಿಯ ಜೀವ ಇದೆ. ಸಂಗೀತದಲ್ಲಿ ಗುರುಗಳ ಎದುರು ಕೂತು ಹಾಡಿದಾಗ, ನಮಗೆ ಕೇಳಿಸದ ಅಪಸ್ವರ ಅವರಿಗೆ ಕೇಳಿಸುತ್ತದಲ್ಲ, ಸೂಪರ್‌ವಿಷನ್ ಅಂದರೆ ಅದೇ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ತರಬೇತಿಯಲ್ಲಿರುವ ಒಬ್ಬಾಕೆ ತನ್ನ ಕ್ಲೈಂಟಿನ ಅನುಮತಿ ಪಡೆದು, ಹೆಸರು ಮರೆಮಾಚಿ, ಒಂದು ಭೇಟಿಯ ಮಾತುಗಳನ್ನು ಬರೆದು ತರುತ್ತಾಳೆ. ಕ್ಲೈಂಟು ಹೇಳಿರುತ್ತಾನೆ: "ಅಪ್ಪ ಕುಡಿದು ಬಂದ ರಾತ್ರಿ ನಾನು ಬಚ್ಚಲಲ್ಲಿ ಬಾಗಿಲು ಹಾಕಿಕೊಳ್ಳುತ್ತಿದ್ದೆ." ಆಕೆಯ ಮುಂದಿನ ಮಾತು: "ಈಗ ನಿಮ್ಮ ಕೆಲಸ ಹೇಗೆ ನಡೀತಿದೆ?" ಹಿರಿಯರು ಅಲ್ಲೇ ಬೆರಳಿಡುತ್ತಾರೆ. ಬೈಯುವುದಿಲ್ಲ. "ಇಲ್ಲಿ ನಿಮಗೇನಾಯಿತು?" ಎಂದಷ್ಟೇ ಕೇಳುತ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ, ತನ್ನ ಮನೆಯಲ್ಲೂ ಅಂಥ ರಾತ್ರಿಗಳಿದ್ದವು ಎನ್ನುತ್ತಾಳೆ. ಮುಂದಿನ ವಾರ ಆ ಮಾತು ಮತ್ತೆ ಬಂದಾಗ ಆಕೆ ಬೇರೆಡೆಗೆ ಹಾರುವುದಿಲ್ಲ. ಕ್ಲೈಂಟು ತನ್ನ ಬಚ್ಚಲಿನ ಕತ್ತಲ ಬಗ್ಗೆ ಮೊದಲ ಸಲ ಇನ್ನೊಬ್ಬರ ಎದುರು ಪೂರ್ತಿ ಹೇಳುತ್ತಾನೆ. ಯಾವ ಪಠ್ಯಪುಸ್ತಕದಿಂದಲೂ ಈ ಪಾಠ ಸಿಗುವುದಿಲ್ಲ. ಹೀಗೆ ತಿದ್ದಿಸಿಕೊಳ್ಳಲು ಒಪ್ಪುವವರ ಬಳಗ ಹುಟ್ಟಿದ ದಿನ ಆ ದೇಶದಲ್ಲಿ ಈ ವೃತ್ತಿಯೂ ಹುಟ್ಟಿತು ಎಂಬುದು ನನ್ನ ನಂಬಿಕೆ. ಯಾರಿಗೂ ಉತ್ತರ ಹೇಳಬೇಕಿಲ್ಲದ ವೈದ್ಯ ಒಂದು ಕಾಲಕ್ಕೆ ಜೈಲರನಾಗಿದ್ದ, ಇನ್ನೊಂದು ಕಾಲಕ್ಕೆ ಟೀವಿಯ ಮಾಂತ್ರಿಕನಾಗಿದ್ದ. ತನ್ನ ಕೆಲಸವನ್ನು ಓರಗೆಯವರ ಮುಂದೆ ತೆರೆದಿಡಲು ಸಿದ್ಧನಿರುವವನು ಇವೆರಡೂ ಆಗಲು ಸುಲಭವಿಲ್ಲ.

ಆದರೆ ಕಟ್ಟಡ ಪೂರ್ತಿ ಏಳುವ ಮೊದಲೇ ಅದರ ಮೇಲೆ ಭಾರ ಬಿತ್ತು. 2013–14ರ ಚಳಿಗಾಲದಲ್ಲಿ ಕೀವ್‌ನ ಮೈದಾನ್ ಚೌಕದ ಪ್ರತಿಭಟನೆಯಲ್ಲಿ ಗುಂಡು ಹಾರಿದಾಗ, ಮನಶ್ಶಾಸ್ತ್ರಜ್ಞರು ಸ್ವಯಂಸೇವಕರಾಗಿ ಅಲ್ಲೇ ನೆರವಿನ ತಂಡ ಕಟ್ಟಿಕೊಂಡರು. ಆಮೇಲೆ ಪೂರ್ವದಲ್ಲಿ ಯುದ್ಧ. ಕೀವ್‌ನ ಹೊರವಲಯದ ಪುಶ್ಚಾ ವೊದಿತ್ಸಿಯಾದ ಕಾಡಿನ ನಡುವೆ 'ಲಿಸೋವಾ ಪೋಲ್ಯಾನಾ' ಎಂಬ ಕೇಂದ್ರ ಯುದ್ಧದಿಂದ ಮರಳಿದ ಸೈನಿಕರ ಮನಸ್ಸಿನ ಆರೈಕೆಗೆಂದೇ ಕೆಲಸ ಶುರುಮಾಡಿತು. 2019ರಲ್ಲಿ ಆರಂಭವಾದ 'ಲೈಫ್‌ಲೈನ್ ಉಕ್ರೇನ್' ಸಹಾಯವಾಣಿಯಲ್ಲಿ ಫೋನ್ ಎತ್ತಿಕೊಳ್ಳುವವರಲ್ಲಿ ಯುದ್ಧ ಕಂಡ ಮಾಜಿ ಸೈನಿಕರೂ ಇದ್ದಾರೆ. ಡಾಕ್ಟರ ಮುಂದೆ ಬಾಯಿ ಬಿಡದ ಸೈನಿಕ ತನ್ನಂಥವನ ಮುಂದೆ ಬಿಡುತ್ತಾನೆ ಎಂಬುದು ಅದರ ಹಿಂದಿನ ಸರಳ ತಿಳಿವಳಿಕೆ.

2022ರ ಫೆಬ್ರವರಿಯಲ್ಲಿ ರಷ್ಯಾದ ಪೂರ್ಣ ಪ್ರಮಾಣದ ಆಕ್ರಮಣ ಶುರುವಾದ ಮೇಲೆ, ಸುಮಾರು 1 ಕೋಟಿ ಉಕ್ರೇನಿಯನ್ನರು ಒಂದಲ್ಲ ಒಂದು ಮಾನಸಿಕ ಸಮಸ್ಯೆಯ ಅಪಾಯದಲ್ಲಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಅಷ್ಟು ಜನಕ್ಕೆ ಏಳು ವರ್ಷ ಓದಿದ ಚಿಕಿತ್ಸಕರು ಎಲ್ಲಿಂದ ಬರಬೇಕು? ಅದಕ್ಕೆ ಕೆಲಸವನ್ನು ಹಂತಗಳಾಗಿ ಹಂಚಿಕೊಂಡರು. ಸಂಸ್ಥೆಯ ನೆರವಿನಿಂದ ಊರೂರಿನ ಕುಟುಂಬ ವೈದ್ಯರಿಗೂ ನರ್ಸುಗಳಿಗೂ ಖಿನ್ನತೆ, ಆತಂಕ, ಆಘಾತಗಳನ್ನು ಗುರುತಿಸಿ ಮೊದಲ ನೆರವು ಕೊಡುವ ತರಬೇತಿ ಕೊಟ್ಟರು. ಕಷ್ಟದ ಪ್ರಕರಣಗಳನ್ನು ಮೇಲಕ್ಕೆ ಕಳಿಸುವ ದಾರಿ ಮಾಡಿದರು. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಕಲಿಸಿಕೊಟ್ಟದ್ದೂ ಇದೇ ಯುಕ್ತಿಯನ್ನು. ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾದ ಆ ಬಳ್ಳಾರಿ ಪ್ರಯೋಗ ನಿಮಗೆ ಪಾಠದಲ್ಲೇ ಬಂದಿರಬೇಕು. ಅಧ್ಯಕ್ಷರ ಪತ್ನಿ ಒಲೆನಾ ಝೆಲೆನ್‌ಸ್ಕಾ ಅವರ ಮುಂದಾಳುತನದಲ್ಲಿ 'ನೀನು ಹೇಗಿದ್ದೀಯಾ?' ಎಂಬ ರಾಷ್ಟ್ರೀಯ ಅಭಿಯಾನ ನಡೆಯಿತು. ಮನಸ್ಸಿನ ನೋವು ಹೇಳಿಕೊಂಡರೆ ರಿಜಿಸ್ಟರಿಗೆ ಹೆಸರು ಸೇರುತ್ತದೆ ಎಂದು ನಡುಗುತ್ತಿದ್ದ ದೇಶದಲ್ಲಿ, ಸರ್ಕಾರದ ಕಡೆಯಿಂದಲೇ "ಹೇಳಿಕೊಳ್ಳಿ" ಎಂಬ ಕರೆ ಬಂತು. ಒಂದೇ ತಲೆಮಾರಿನಲ್ಲಿ ಆದ ಬದಲಾವಣೆ ಇದು.

ಅಲ್ಲಿನ ಚಿಕಿತ್ಸಕರ ಬಗ್ಗೆ ಯೋಚಿಸಿದಾಗ ನನ್ನ ಮನಸ್ಸು ತುಂಬಿ ಬರುತ್ತದೆ. ನಮ್ಮ ಪುಸ್ತಕಗಳು ಚಿಕಿತ್ಸಕ ದಡದ ಮೇಲಿದ್ದಾನೆ ಎಂದು ಭಾವಿಸಿ ಬರೆದವು. ಅಲ್ಲಿ ಇಬ್ಬರೂ ನೀರಿನಲ್ಲೇ ಇದ್ದಾರೆ. ಮಾತಿನ ನಡುವೆ ಸೈರನ್ ಕೂಗುತ್ತದೆ. ಕರೆಂಟು ಹೋಗುತ್ತದೆ, ಆನ್‌ಲೈನ್ ಭೇಟಿ ಅರ್ಧಕ್ಕೆ ಕಡಿಯುತ್ತದೆ. ಸೈರನ್ ಆದರೆ ಇಬ್ಬರೂ ಏನು ಮಾಡಬೇಕು, ಆಶ್ರಯದಿಂದಲೇ ಫೋನಿನಲ್ಲಿ ಮುಂದುವರಿಸುವುದೋ ಬೇರೆ ದಿನ ಕೂರುವುದೋ ಎಂದು ಮೊದಲೇ ಮಾತಾಡಿಕೊಂಡಿರಬೇಕು. ಗಂಡನನ್ನು ರಣರಂಗಕ್ಕೆ ಕಳಿಸಿದ ಹೆಂಗಸಿನ ಎದುರು, ತಮ್ಮನನ್ನು ಕಳಿಸಿದ ಚಿಕಿತ್ಸಕಿ ಕೂತಿರುತ್ತಾಳೆ. ನಾಪತ್ತೆಯಾದವರ ಮನೆಯವರಿಗೆ ಶೋಕಿಸಲೂ ಆಗದು, ಆಸೆ ಬಿಡಲೂ ಆಗದು. ಅವರಿಗೆ ಬೇಗ ಸಮಾಧಾನ ಹೇಳಬಾರದು ಎಂಬುದನ್ನು ಅಲ್ಲಿನವರು ಕೆಲಸ ಮಾಡುತ್ತಲೇ ಕಲಿತಿದ್ದಾರೆ. ಇಂಥ ಹೊತ್ತಿನಲ್ಲಿ ಅವರನ್ನು ಮುರಿದುಬೀಳದಂತೆ ಹಿಡಿದಿರುವುದು ತೊಂಬತ್ತರ ದಶಕದಿಂದ ನಿಧಾನವಾಗಿ ಕಟ್ಟಿಕೊಂಡ ಅದೇ ಬಳಗ, ಅದೇ ಸೂಪರ್‌ವಿಷನ್ ಗುಂಪು.

ಇನ್ನೂ ಒಂದು ಅಪಾಯ ಅವರಿಗೆ ಗೊತ್ತಿತ್ತು. ದುಃಖ ಎಲ್ಲಿ ಹೆಚ್ಚೋ ಅಲ್ಲಿಗೆ ಅರೆಬರೆ ಕಲಿತವರೂ ಬರುತ್ತಾರೆ. ಕೆಲವು ವಾರದ ಕೋರ್ಸು ಮುಗಿಸಿದವರು ಆಘಾತ ಚಿಕಿತ್ಸಕರೆಂದು ಹೇಳಿಕೊಂಡು, ಗಾಯ ಕೆದಕಿ ಮುಚ್ಚಲು ಬಾರದೆ ಬಿಟ್ಟುಹೋಗುವ ಅಪಾಯ ದೊಡ್ಡದು. ಯಾರು ಮನಶ್ಶಾಸ್ತ್ರಜ್ಞ, ಯಾರು ಮನಶ್ಚಿಕಿತ್ಸಕ, ಯಾರಿಗೆ ಏನು ಮಾಡುವ ಅಧಿಕಾರ ಎಂಬ ಗೊಂದಲ ಸೋವಿಯತ್ ಕಾಲದಿಂದ ಹಾಗೇ ಉಳಿದಿತ್ತು. 2025ರ ಜನವರಿಯಲ್ಲಿ ಉಕ್ರೇನ್ ಸಂಸತ್ತು ಮಾನಸಿಕ ಆರೋಗ್ಯ ವ್ಯವಸ್ಥೆಯ ಕಾನೂನನ್ನು ಅಂಗೀಕರಿಸಿತು. ಈ ಸೇವೆ ಕೊಡುವವರಿಗೆ ಯಾವ ಅರ್ಹತೆ ಬೇಕು, ಅವರನ್ನು ನೋಂದಾಯಿಸುವುದು ಹೇಗೆ ಎಂಬುದಕ್ಕೆ ಅದು ಬುನಾದಿ ಹಾಕಿತು. ಸ್ವಾತಂತ್ರ್ಯ ಬಂದು ಮೂವತ್ತಮೂರು ವರ್ಷದ ಮೇಲೆ, ಯುದ್ಧದ ನಡುವೆ!

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ, ಖಂಡಿತ ಬೇಕು. ನಮ್ಮಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟರ ನೋಂದಣಿ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ಆಗುತ್ತದೆ. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯಿದೆ ಇನ್ನಷ್ಟು ಮಂದಿಯನ್ನು ಒಳಗೊಳ್ಳಲು ಹೊರಟಿದೆ. ಅದು ನೆಲೆಗೊಳ್ಳಲಿ ಎಂದು ನಾನೂ ಹಾರೈಸುತ್ತೇನೆ. ಆದರೆ ಸೋವಿಯತ್ ಕಾಲದಲ್ಲಿ ಕಾನೂನಿಗೂ ರಿಜಿಸ್ಟರಿಗೂ ಡಿಗ್ರಿಗೂ ಕೊರತೆ ಇರಲಿಲ್ಲ. ಗ್ರಿಗೊರೆಂಕೊ ಅವರಿಗೆ ಹುಚ್ಚು ಎಂದು ಬರೆದವರ ಕೈಯಲ್ಲಿ ಎಲ್ಲ ಸೀಲೂ ಇತ್ತು. ಇಲ್ಲದಿದ್ದದ್ದು ನಂಬಿಕೆ. ಉಕ್ರೇನ್‌ನಲ್ಲಿ ತಿದ್ದಿಸಿಕೊಳ್ಳುವ ಬಳಗ ಮೊದಲು ಹುಟ್ಟಿತು, ಜನರ ನಂಬಿಕೆ ಅದರ ಹಿಂದೆ ಬಂತು, ಈ ವೃತ್ತಿಯ ಕಾನೂನು ಕೊನೆಗೆ ಬಂತು. ಆ ಕಾನೂನಿಗೆ ಬೆಲೆ ಬರುವುದಿದ್ದರೆ ಅದು ಮೊದಲೆರಡರ ಬಲದಿಂದಲೇ.

ಆದ್ದರಿಂದ ನೀವು ಕಾಯುತ್ತ ಕೂರಬೇಡಿ. ದಾವಣಗೆರೆ, ಹರಿಹರ, ಚಿತ್ರದುರ್ಗದ ಸುತ್ತ ನಿಮ್ಮಂತೆ ನಿಷ್ಠೆಯಿಂದ ಕೆಲಸ ಮಾಡುವ ಮೂರ್ನಾಲ್ಕು ಜನ ಖಂಡಿತ ಇರುತ್ತಾರೆ. ತಿಂಗಳಿಗೆ ಎರಡು ಸಲ ಒಟ್ಟಿಗೆ ಕೂತು, ಹೆಸರು ಮರೆಮಾಚಿ, ಕಷ್ಟವಾದ ಒಂದು ಭೇಟಿಯನ್ನು ಪರಸ್ಪರ ಮುಂದಿಡಿ. ಧಾರವಾಡದಲ್ಲೋ ಬೆಂಗಳೂರಿನಲ್ಲೋ ಇರುವ ಅನುಭವಿ ಹಿರಿಯರೊಬ್ಬರನ್ನು ಆನ್‌ಲೈನಿನಲ್ಲಿ ಜೊತೆಗೆ ಕೂರಿಸಿಕೊಳ್ಳಿ, ಅವರ ಸಮಯಕ್ಕೆ ಫೀಸು ಕೊಡಿ. ನೀವೂ ಒಬ್ಬ ಚಿಕಿತ್ಸಕರ ಬಳಿ ಹೋಗಿ ಮಾತಾಡಿ. ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ, ಆದರೆ ನಿಮ್ಮ ಜೀವಕ್ಕೆ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಎಂದು ಕಂಡರೆ ಇಂಥವರಿಗೆ ತಿಳಿಸುತ್ತೇನೆ ಎಂದು ಮೊದಲ ದಿನವೇ ಅಚ್ಚಕನ್ನಡದಲ್ಲಿ ಹೇಳಿ, ಬರೆದೂ ಕೊಡಿ. ಮಾತ್ರೆ ಬೇಕಾದವರನ್ನು ಕಳಿಸಲು ಒಬ್ಬ ಮನೋವೈದ್ಯರ ಜೊತೆ ಒಡನಾಟ ಇಟ್ಟುಕೊಳ್ಳಿ. ರಾತ್ರಿ ಹೊತ್ತಿನ ಸಂಕಟಕ್ಕೆ 14416 ಟೆಲಿ ಮಾನಸ್ ನಂಬರನ್ನು ಪ್ರತಿಯೊಬ್ಬರಿಗೂ ಬರೆದುಕೊಡಿ. ಪವಾಡದ ಮಾತನ್ನು ಯಾವತ್ತೂ ಆಡಬೇಡಿ. ಎಷ್ಟು ದಿನ ಬೇಕಾದೀತು ಎಂದು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ.

ಇದನ್ನು ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ. ಮುಂದೊಂದು ದಿನ ನಿಯಮ ಬರೆಯುವವರು ಒಳ್ಳೆಯ ಕೆಲಸ ಅಂದರೆ ಹೇಗಿರುತ್ತದೆ ಎಂದು ಹುಡುಕಿಕೊಂಡು ಬಂದಾಗ, ತೋರಿಸಲು ನಿಮ್ಮ ಬಳಗ ಅಲ್ಲಿರಬೇಕು. ಗುಂಪು ಸೇರಿದ ಮೇಲೆ ಮೊದಲ ಭೇಟಿಯಲ್ಲಿ ಏನೇನು ಕಷ್ಟವಾಯಿತು ಎಂದು ನನಗೆ ಬರೆಯಿರಿ. ಓದಲು ಪುಸ್ತಕ ಬೇಕಿದ್ದರೆ ಪಟ್ಟಿ ಮಾಡಿ ಕಳಿಸಿ, ನನ್ನ ಬಳಿ ಇರುವುದನ್ನೆಲ್ಲ ಕೊರಿಯರ್ ಮಾಡುತ್ತೇನೆ.

ನಿಮ್ಮ ವಿಶ್ವಾಸದ,
ಪತ್ರಮಿತ್ರ